ಹಳೆಯ ಟೂ-ಸ್ಟ್ರೋಕ್ ಸ್ಪೋರ್ಟ್ ಕ್ವಾಡ್ ಕೊಳ್ಳುವ ಮೊದಲು

ಯೆಜ್ಡಿ ಅಥವಾ ಆರ್‌ಎಕ್ಸ್ 100 ಓಡಿಸಿ ಬೆಳೆದು ಈಗ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ, ಯಾರದೋ ಗ್ಯಾರೇಜಿನಲ್ಲಿ ಮಾರಾಟಕ್ಕೆ ನಿಂತ ಯಮಹಾ ಬ್ಯಾನ್ಶೀ ಎಂಬ ಸ್ಪೋರ್ಟ್ ಕ್ವಾಡ್ (ಮರಳು, ಮಣ್ಣಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಕಂಡರೆ ಆಸೆ ಹುಟ್ಟುವುದು ಸಹಜ. ಅದೇ ಹೊಗೆ, ಅದೇ ಕಿಕ್ಕರ್, ಅದೇ ಏರುದನಿ. ಆದರೆ ಇಂತಹ ಗಾಡಿಯನ್ನು ಅಳೆಯುವಾಗ ಅದು ಓಡುತ್ತಿದೆಯೇ ಎಂಬ ಪ್ರಶ್ನೆಗೆ ಹೆಚ್ಚು ಬೆಲೆ ಕೊಡಬಾರದು. ನಾಳೆ ಸೀಜ್ ಆಗಲಿರುವ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು ನಿಲ್ಲಲಿರುವ ಟೂ-ಸ್ಟ್ರೋಕ್ ಎಂಜಿನ್ ಇಂದು ಚೆನ್ನಾಗಿಯೇ ಓಡುತ್ತಿರುತ್ತದೆ. ಎಂಜಿನ್ನಿನೊಳಗೆ ಗಾಳಿ ಎಲ್ಲಿಂದ ನುಸುಳುತ್ತಿದೆ, ಹಿಂದಿನ ಮಾಲೀಕ ಏನನ್ನು ಬಿಚ್ಚಿ ಹೇಗೆ ಕೂಡಿಸಿದ್ದಾನೆ ಎಂಬ ಎರಡು ಸಂಗತಿಗಳ ಮೇಲೆ ನಿರ್ಧಾರ ನಿಲ್ಲಬೇಕು.

ಮೊದಲು ಮಾದರಿಯ ವಿಚಾರ. ಹೋಂಡಾ ಟಿಆರ್‌ಎಕ್ಸ್ 250ಆರ್ 1986ರಿಂದ 1989ರವರೆಗೆ, ಸುಜುಕಿ ಎಲ್‌ಟಿ 250ಆರ್ 1985ರಿಂದ 1992ರವರೆಗೆ ಮಾತ್ರ ಬಂದವು; ಕವಾಸಾಕಿ ಟೆಕಾಟೆ-4 ಅಂತೂ ಎರಡೇ ವರ್ಷ, 1987 ಮತ್ತು 1988ರಲ್ಲಿ. ಇವೆಲ್ಲ ಒಳ್ಳೆಯ ಗಾಡಿಗಳೇ, ಆದರೆ ಬಿಡಿಭಾಗ ಹುಡುಕುವುದೇ ಒಂದು ಹವ್ಯಾಸವಾಗಿಬಿಡುತ್ತದೆ. ಬ್ಯಾನ್ಶೀ ಮಾತ್ರ ಅಮೆರಿಕದಲ್ಲಿ 1987ರಿಂದ 2006ರವರೆಗೆ ಹೆಚ್ಚಿನ ಬದಲಾವಣೆಯಿಲ್ಲದೆ ಮಾರಾಟವಾದ ಕಾರಣ, ಪಿಸ್ಟನ್‌ನಿಂದ ಹಿಡಿದು ಫ್ರೇಮಿನವರೆಗೆ ಹೊರಗಿನ ತಯಾರಕರ ಭಾಗಗಳು ಇಂದಿಗೂ ಸಿಗುತ್ತವೆ. ಮೊದಲ ಬಾರಿಗೆ ಕೊಳ್ಳುವವರು ಬ್ಯಾನ್ಶೀಯನ್ನೋ, ಅದಕ್ಕಿಂತ ಸಾಧುವಾದ ಯಮಹಾ ಬ್ಲಾಸ್ಟರ್ 200 ಅನ್ನೋ ನೋಡುವುದು ಲೇಸು.

ನಿಮಗೆ ಅದು ಏತಕ್ಕೆ ಬೇಕು ಎಂಬುದೂ ಮುಖ್ಯ. ಬ್ಯಾನ್ಶೀಯದು 347 ಸಿಸಿಯ, ನೀರಿನಿಂದ ತಣಿಯುವ ಜೋಡಿ ಸಿಲಿಂಡರ್ ಎಂಜಿನ್. ಅದರ ನಿಜವಾದ ಶಕ್ತಿ ಮೇಲಿನ ಆರ್‌ಪಿಎಂನಲ್ಲಿದೆ. ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಲ್ಲೋ ಮಿಶಿಗನ್ನಿನ ಸಿಲ್ವರ್ ಲೇಕ್‌ನಲ್ಲೋ ಅದು ಮೆರೆಯುತ್ತದೆ, ಆದರೆ ಮರಗಳ ನಡುವಿನ ಕಿರುದಾರಿಯಲ್ಲಿ ನಿಧಾನವಾಗಿ ಸಾಗಬೇಕಾದಾಗ ಸವಾರನ ತಾಳ್ಮೆಯನ್ನೇ ಪರೀಕ್ಷಿಸುತ್ತದೆ. ರಿವರ್ಸ್ ಗೇರ್ ಇಲ್ಲ, ಬಟನ್ ಸ್ಟಾರ್ಟ್ ಇಲ್ಲ. ಮನೆಯ ಮಕ್ಕಳೂ ಓಡಿಸಲಿ ಎಂಬ ಯೋಚನೆಯಿದ್ದರೆ ಇಲ್ಲಿಗೇ ಕೈಬಿಡಿ. ಇದು 16 ವರ್ಷ ತುಂಬದವರು ಮುಟ್ಟುವ ಗಾಡಿಯಲ್ಲ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಬೇಕೆಂದು ಮಾರುವವರಿಗೆ ಮೊದಲೇ ತಿಳಿಸಿ. ನೀವು ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಕಾರಣ ಕೇಳಿ, ತಣಿಯುವವರೆಗೆ ಕಾಯಿರಿ. ಮೊದಲು ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ತಿಳಿ ಕಂದು ಬಣ್ಣವಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಹೋಗುತ್ತಿದೆ; ತುದಿಯಲ್ಲಿ ಹೊಳೆಯುವ ಸಣ್ಣ ಬೆಳ್ಳಿ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಅಂಟಿರುವುದು. ಆಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಸಮುದ್ರಮಟ್ಟದಿಂದ ಊರಿನ ಎತ್ತರ, ಹೆಡ್ಡಿನ ಮಾರ್ಪಾಡು, ಗೇಜಿನ ಗುಣ ಇವೆಲ್ಲ ಅಂಕಿಯನ್ನು ಬದಲಿಸುವುದರಿಂದ ಒಂದು ಸಿಲಿಂಡರಿನ ಅಂಕಿ ಒಂಟಿಯಾಗಿ ಹೆಚ್ಚೇನೂ ಹೇಳದು. ಎರಡರ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಮಾತ್ರ ಕಡಿಮೆಯಿರುವ ಕಡೆ ಏನೋ ಸವೆದಿದೆ ಅಥವಾ ಗೀಚಿದೆ ಎಂದು ಧೈರ್ಯವಾಗಿ ಹೇಳಬಹುದು. ಮಾಲೀಕರು ಒಪ್ಪಿದರೆ ಸೈಲೆನ್ಸರ್ ಪೈಪುಗಳನ್ನು ಕಳಚಿ, ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ಪಿಸ್ಟನ್ನಿನ ಮೈ ನೋಡಿ. ಮೇಲಿಂದ ಕೆಳಗೆ ಎಳೆದಂತಹ ದಪ್ಪ ಗೀರುಗಳಿದ್ದರೆ ಅದು ಒಮ್ಮೆ ಸೀಜ್ ಆಗಿ ಬಿಟ್ಟಿರುವ ಎಂಜಿನ್.

“ಮೊನ್ನೆ ತಾನೆ ಬೋರಿಂಗ್ ಮಾಡಿಸಿದೆ” (ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕಿಸಿದೆ) ಎಂಬ ಮಾತು ಎಲ್ಲ ಮಾರಾಟದಲ್ಲೂ ಕೇಳಿಬರುತ್ತದೆ. ಆಗ ಕೇಳಬೇಕಾದದ್ದು ಈಗಿರುವ ಪಿಸ್ಟನ್ನಿನ ಅಳತೆ. ಬ್ಯಾನ್ಶೀಯ ಮೂಲ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 64 ಮಿಮೀ. ಸುಮಾರು 66 ಮಿಮೀ ಹತ್ತಿರ ಬಂದಿರುವ ಸಿಲಿಂಡರಿನಲ್ಲಿ ಮತ್ತೆ ಕೊರೆಯಲು ಕಬ್ಬಿಣ ಉಳಿದಿರುವುದಿಲ್ಲ, ಮುಂದಿನ ಸಲ ಸ್ಲೀವ್ (ಸಿಲಿಂಡರಿನ ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬೇಕು ಅಥವಾ ಬೇರೆ ಸಿಲಿಂಡರ್ ಕೊಳ್ಳಬೇಕು.

ಇಷ್ಟೆಲ್ಲ ಸರಿಯಿದ್ದರೂ ಮುಗಿಯಲಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ (ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ) ಕೂಡ ಗಾಳಿಯಾಡದಂತೆ ಬಿಗಿಯಾಗಿರಬೇಕು. ಕ್ರ್ಯಾಂಕಿನ ಎಡತುದಿಯ ಸೀಲ್ ಗಟ್ಟಿಯಾಗಿ ಬಿರಿದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲಿನೊಡನೆ ಬರುವ ಎಣ್ಣೆಯೂ ಸಾಲದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಸಿಲಿಂಡರಿಗೆ ಸೇರಿ ಉರಿಯುವುದರಿಂದ ಹೊಗೆ ಹೆಚ್ಚಿ ಆಯಿಲ್ ಮಟ್ಟ ಇಳಿಯುತ್ತ ಹೋಗುತ್ತದೆ. ಇದನ್ನು ಪತ್ತೆ ಹಚ್ಚುವ ದಾರಿ ಲೀಕ್-ಡೌನ್ ಪರೀಕ್ಷೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ದ್ವಾರಗಳನ್ನು ಮುಚ್ಚಿ, ಸಣ್ಣ ಕೈಪಂಪಿನಿಂದ 6 ಪಿಎಸ್‌ಐ ಒತ್ತಡ ತುಂಬಿ ಆರು ನಿಮಿಷ ಬಿಡಬೇಕು; ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪಿನ ನೀರು ಸವರಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಕೊಳ್ಳುವ ದಿನವೇ ಇದಕ್ಕೆ ಒಪ್ಪುವ ಮಾಲೀಕರು ಕಡಿಮೆ. ಒಪ್ಪದಿದ್ದರೆ ಸೀಲುಗಳು ಹೋಗಿವೆ ಎಂದೇ ಲೆಕ್ಕ ಹಿಡಿದು ಬೆಲೆ ಮಾತಾಡಿ, ಮನೆಗೆ ತಂದ ಮೇಲೆ ಪರೀಕ್ಷೆ ಮುಗಿಯುವ ತನಕ ಗಾಡಿಯನ್ನು ಓಡಿಸಬೇಡಿ.

ಗೇರ್ ಆಯಿಲ್ ಹಾಲು ಬೆರೆಸಿದಂತೆ ಬೂದುಬಣ್ಣಕ್ಕೆ ತಿರುಗಿದ್ದರೆ ವಾಟರ್ ಪಂಪಿನ ಸೀಲ್ ಸೋರುತ್ತಿರಬಹುದು. ಏರ್ ಫಿಲ್ಟರ್ ತೆಗೆದು ಅದರ ಹಿಂದಿನ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿ. ಮರಳು ಕೈಗೆ ಸಿಕ್ಕರೆ ಅದೇ ಮರಳು ಎಂಜಿನ್ನಿಗೂ ಹೋಗಿದೆ. ಇನ್ನು ಬ್ಯಾನ್ಶೀಗೆ ಆಯಿಲ್ ಪಂಪ್ ಇಲ್ಲದ ಕಾರಣ ಪೆಟ್ರೋಲಿಗೆ ಎಣ್ಣೆಯನ್ನು ಕೈಯಿಂದಲೇ ಬೆರೆಸಬೇಕು. ಯಾವ ಪ್ರಮಾಣದಲ್ಲಿ ಬೆರೆಸುತ್ತೀರಿ ಎಂದು ಸುಮ್ಮನೆ ಕೇಳಿ ನೋಡಿ. 32ಕ್ಕೆ 1 ಎಂದೋ ಇನ್ನೊಂದು ಖಚಿತ ಪ್ರಮಾಣವನ್ನೋ ತಡವರಿಸದೆ ಹೇಳಿದವರು ಗಾಡಿಯನ್ನು ನೋಡಿಕೊಂಡಿದ್ದಾರೆ. “ಅಂದಾಜಿಗೆ ಸುರಿಯುತ್ತೇನೆ” ಎಂದವರ ಗಾಡಿಯಲ್ಲಿ ಬೇರೆ ಯಾವ ಪರೀಕ್ಷೆಯನ್ನೂ ಬಿಡಬೇಡಿ.

ಚಾಸಿಯ ದೋಷಗಳು ಕಣ್ಣಿಗೆ ಬೀಳುವಂಥವು, ರಿಪೇರಿಯೂ ಸುಲಭ. ಮುಂದಿನ ಚಕ್ರಗಳನ್ನು ಹಿಡಿದಿರುವ ಎ-ಆರ್ಮ್ ಫ್ರೇಮಿಗೆ ಕೂಡುವ ಜಾಗ ಮತ್ತು ಫುಟ್‌ರೆಸ್ಟಿನ ಸುತ್ತ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ, ಹೊಸ ಬಣ್ಣದಡಿ ಹಳೆಯ ತೇಪೆ ಅಡಗಿದೆಯೇ ನೋಡಿ. ಹಿಂಬದಿಯ ಚಕ್ರ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಕ್ಸಲ್ ಬೇರಿಂಗ್ ಸಡಿಲವಿದ್ದರೆ ಕೈಗೇ ಗೊತ್ತಾಗುತ್ತದೆ.

ಕಾಗದಪತ್ರಗಳಲ್ಲಿ ಮಾತ್ರ ರಾಜಿ ಬೇಡ. ಈ ಗಾಡಿಗಳನ್ನು ಕದಿಯುವುದು ಸುಲಭ, ಬಿಚ್ಚಿ ಮಾರುವುದು ಇನ್ನೂ ಸುಲಭ. ಫ್ರೇಮಿನ ಮೇಲಿನ 17 ಅಕ್ಷರಗಳ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಉಜ್ಜಿದಂತಿದ್ದರೆ, ಅಥವಾ ಟೈಟಲಿನಲ್ಲಿರುವ (ಮಾಲೀಕತ್ವದ ಪತ್ರದಲ್ಲಿರುವ) ಸಂಖ್ಯೆ ಅದಕ್ಕೆ, ಹೆಸರು ಮಾರುವವರಿಗೆ ಹೊಂದದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ ಹೊರಟುಬಿಡಿ. ಸದ್ದಿನ ನಿಯಮವನ್ನೂ ವಿಚಾರಿಸಿಕೊಳ್ಳಿ: 1986ರಿಂದೀಚೆಗೆ ತಯಾರಾದ ಇಂತಹ ವಾಹನಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಮಿತಿ 96 ಡೆಸಿಬೆಲ್, ಜೊತೆಗೆ ಸೈಲೆನ್ಸರಿನಿಂದ ಕಿಡಿ ಹಾರದಂತೆ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರಬೇಕು. ಹಿಂದಿನವರು ಮೋಹದಿಂದ ಹಾಕಿಸಿದ ರೇಸಿಂಗ್ ಪೈಪುಗಳು ಎಷ್ಟೋ ಸಲ ಇವೆರಡನ್ನೂ ಮೀರುತ್ತವೆ. ಹಾಗಾಗಿ ಕಂಪನಿಯ ಮೂಲ ಸೈಲೆನ್ಸರುಗಳನ್ನು ಎತ್ತಿಟ್ಟಿದ್ದಾರೆಯೇ ಎಂದು ಕೇಳಿ, ಇದ್ದರೆ ಅವನ್ನೂ ವ್ಯಾಪಾರದಲ್ಲಿ ಸೇರಿಸಿಕೊಳ್ಳಿ.