ಡೈರಿ ಗೋಡೆ ಮೇಲೆ ಲೆಕ್ಕ ಅಂಟಿಸಿ ಕೆರೆ ಸಂಘ ಕಟ್ಟಿದ್ದು: ನನ್ನ ಅನುಭವ

ಫಂಡ್ ಇಲ್ದೆ, ಎನ್‌ಜಿಒ ಇಲ್ದೆ, ಕೆರೆ ನೋಡ್ಕೊಳ್ಳೋಕೆ ಊರೋರೇ ಕಟ್ಟೋ ಕೆರೆ ಸಂಘ ಒಂದು ವರ್ಷ ದಾಟಲ್ಲ ಅಂತ ನಮ್ ತಾಲೂಕಲ್ಲಿ ಇದೇ ಕೆಲಸ ಮಾಡೋ ಸುಮಾರು ಜನ ಹೇಳಿದ್ರು. ನಮ್ದು ಕೋಲಾರ ಜಿಲ್ಲೆ ಸಣ್ಣ ಊರು, ಕೆರೆ ಅಚ್ಚುಕಟ್ಟು (ಕೆರೆ ನೀರು ಹಾಯೋ ಜಮೀನು) 40 ಹೆಕ್ಟೇರ್ ಒಳಗೆ, ಅಂದ್ರೆ ಸಣ್ಣ ನೀರಾವರಿ ಇಲಾಖೆಯೋರ ಕೈಗೆ ಬರಲ್ಲ, ಪಂಚಾಯ್ತಿದು. ಸಂಘ ಆರೇಳು ವರ್ಷದಿಂದ ನಡೀತಿದೆ, ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ಹಿಂದೆ ಒಂದು ಯೋಜನೆ ಬಂದಾಗ ಕೆರೆ ಬಳಕೆದಾರರ ಸಂಘ ಅಂತ ಆಗಿತ್ತು. ಬೋರ್ಡು, ಸೀಲು, ಪಾಸ್‌ಬುಕ್ ಎಲ್ಲಾ ಇತ್ತು, ಯೋಜನೆ ಮುಗೀತು ಸಂಘನೂ ಮುಗೀತು, ಖಾತೇಲಿದ್ದ ದುಡ್ಡಿನ ವಿಷಯಕ್ಕೆ ಇವತ್ತಿಗೂ ಎರಡು ಮನೆಯೋರು ಮಾತಾಡಲ್ಲ. ಹಂಗಾಗಿ ಸಂಘ ಅಂದ ತಕ್ಷಣ ಜನ ಎದ್ದು ಹೋಗೋರು.

ಶುರುನಲ್ಲಿ ಮೀಟಿಂಗ್ ದೇವಸ್ಥಾನದ ಮುಂದೆ. ಬರೋರು ಅದೇ ಎಂಟ್ಹತ್ತು ಗಂಡಸರು, ಎಲ್ಲಾ ಅಚ್ಚುಕಟ್ಟಲ್ಲಿ ಜಮೀನಿರೋರೇ. ದಲಿತ ಕಾಲೋನಿಯಿಂದ ಒಬ್ರೂ ಇಲ್ಲ, ಹೆಂಗಸ್ರಂತೂ ಇಲ್ವೇ ಇಲ್ಲ, ಅವರಿಗೆ ಆಸಕ್ತಿ ಇಲ್ಲ ಬಿಡಿ ಅಂದ್ರು ನಮ್ಮೋರು. ಆಸಕ್ತಿ ಇತ್ತು, ಜಾಗ ಸರಿ ಇರ್ಲಿಲ್ಲ. ಸಾಯಂಕಾಲ ಹಾಲಿನ ಡೈರಿ ಮುಂದಕ್ಕೆ ಬದಲಾಯಿಸಿದ್ವಿ. ಎಲ್ಲಾ ಜಾತಿಯೋರೂ ಕ್ಯಾನ್ ಹಿಡ್ಕೊಂಡು ಒಂದೇ ಸಾಲಲ್ಲಿ ನಿಲ್ಲೋ ಜಾಗ ನಮ್ಮೂರಲ್ಲಿ ಅದೊಂದೇ, ಹಾಲು ಹಾಕೋರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸ್ರು. ಕುರ್ಚಿ ಇಲ್ಲ, ಮೈಕ್ ಇಲ್ಲ, ನಿಂತ್ಕೊಂಡೇ ಇಪ್ಪತ್ತು ನಿಮಿಷ. ನಾವು ಹೂಳು ಹೂಳು ಅಂತಿದ್ರೆ ಕಾಲೋನಿ ಹೆಣ್ಮಗಳೊಬ್ರು, ಕುರಿ ನೀರಿಗೆ ಇಳಿಯೋ ದಾರಿನೇ ಜಾಲಿ ಮುಚ್ಕೊಂಡಿದೆ, ಮೊದಲು ಅದು ತೆಗೀರಿ ಅಂದ್ರು. ತೆಗೆಸಿದ್ವಿ. ಜೆಸಿಬಿಗೆ ಎರಡೂವರೆ ಸಾವಿರ ಆಯ್ತೇನೋ, ಆದ್ರೆ ಮಾರನೇ ದಿನದಿಂದ ಸಂಘ ಊರಿಗೆಲ್ಲಾ ಸೇರಿದ್ದಾಯ್ತು.

ದುಡ್ಡಿನ ವಿಷಯ. ಅಚ್ಚುಕಟ್ಟಲ್ಲಿ ಎಕರೆಗೆ 200 ರೂಪಾಯಿ, ಜಮೀನಿಲ್ದೋರಿಗೆ ವಂತಿಗೆ ಇಲ್ಲ, ತೀರ್ಮಾನದಲ್ಲಿ ಮಾತ್ರ ಸಮ ಪಾಲು. ಇದಕ್ಕೇ ದೊಡ್ಡ ಗಲಾಟೆ ಆಯ್ತು, ಬಿಟ್ಟುಕೊಡ್ಲಿಲ್ಲ. ಮೊದಲ ವರ್ಷ ಬಂದಿದ್ದು ಹತ್ರ ಹತ್ರ ಹದಿನೈದು ಸಾವಿರ, ಅಷ್ಟೇ. ಪಂಚಾಯ್ತಿ ಪರ್ಮಿಷನ್ ತಗೊಂಡು ಜೆಸಿಬಿ ಬಾಡಿಗೆ ಮಾತ್ರ ಸಂಘ ಕೊಡ್ತು, ಗಂಟೆಗೆ ಆಗ ಸಾವಿರದ ಆಸುಪಾಸು. ಟ್ರ್ಯಾಕ್ಟರ್ ಖರ್ಚು ಹೂಳು ಹೊಲಕ್ಕೆ ಹೊಡ್ಸಿಕೊಳ್ಳೋ ರೈತರದ್ದೇ. ತಿಂಗಳು ತಿಂಗಳು ಲೆಕ್ಕ ದೊಡ್ಡ ಚಾರ್ಟಲ್ಲಿ ಬರೆದು ಡೈರಿ ಗೋಡೆಗೆ ಅಂಟಿಸ್ತೀವಿ, ಟೀ ಖರ್ಚೂ ಸೇರಿ, ಬಿಲ್ ಜೆರಾಕ್ಸ್ ಪಕ್ಕದಲ್ಲಿ ಪಿನ್ ಹಾಕಿ. ಒಬ್ಬಜ್ಜ ಡೀಸೆಲ್ ಬಿಲ್ ಕಾಣ್ತಿಲ್ಲ ಅಂತ ಹಿಡ್ಕೊಂಡ್ರು, ಬೆಳಗಿನ ಹಾಲಿನ ಹೊತ್ತಿಗೆ ಬಿಲ್ ಗೋಡೆ ಮೇಲಿತ್ತು. ಅವತ್ತಿಂದ ವಂತಿಗೆ ಕೇಳೋಕೆ ಮನೆ ಮನೆ ಸುತ್ತೋ ಕೆಲಸ ಅರ್ಧ ಕಮ್ಮಿ ಆಯ್ತು. ಒಬ್ಬ ರಾಜಕಾರಣಿ ಲಕ್ಷ ಕೊಡ್ತೀನಿ, ಏರಿ ಮೇಲೆ ನನ್ನ ಹೆಸರಿನ ಬೋರ್ಡ್ ಹಾಕಿ ಅಂದ್ರು, ಬೇಡ ಅಂದ್ವಿ.

ಸಂಘ ಒಡೆದೇ ಹೋಯ್ತು ಅನ್ಸಿದ್ದು 2020 ಡಿಸೆಂಬರ್ ಪಂಚಾಯ್ತಿ ಎಲೆಕ್ಷನ್‌ನಲ್ಲಿ. ನಮ್ಮ ಸಂಘದೋರೇ ಇಬ್ರು ಎದುರುಬದುರು ನಿಂತ್ರು, ತಿಂಗಳುಗಟ್ಲೆ ಮೀಟಿಂಗ್ ಇಲ್ಲ. ಆಮೇಲೆ ನಿಯಮ ಮಾಡಿದ್ವಿ: ಎಲೆಕ್ಷನ್‌ಗೆ ನಿಲ್ಲೋರು ಲೆಕ್ಕದ ಪುಸ್ತಕ ಕೊಟ್ಟು ನಿಲ್ಲಬೇಕು. 2021 ನವೆಂಬರ್ ಮಳೆಗೆ ಕೋಡಿ ಹರಿದು ಏರಿ ಒಂದ್ಕಡೆ ಜಿನುಗೋಕೆ ಶುರುವಾದಾಗ ಎರಡೂ ಪಾರ್ಟಿಯೋರು ರಾತ್ರಿಯೆಲ್ಲಾ ಮರಳು ಚೀಲ ಹೊತ್ರು, ಏರಿ ಉಳೀತು. ಅವತ್ತು ನನಗೆ ಆದ ಹೆಮ್ಮೆ ಇನ್ನೂ ಹಂಗೇ ಇದೆ.

ಮಧ್ಯೆ ಏರಿ ಪಕ್ಕ ಹೊಂಗೆ ಸಸಿ ಇಟ್ವಿ, ಮೊದಲ ಸಲ ಎಲ್ಲಾ ಮೇಕೆ ಪಾಲು. ಕಡಿದ ಜಾಲಿ ಮುಳ್ಳನ್ನೇ ಬೇಲಿ ಕಟ್ಟಿದ್ಮೇಲೆ ಅರ್ಧ ಉಳಿದ್ವು. ವಾಟ್ಸಾಪ್ ಗ್ರೂಪಲ್ಲಿ ಬರೀ ರಾಜಕೀಯ ಫಾರ್ವರ್ಡ್ ಬರ್ತಿತ್ತು, ಅಡ್ಮಿನ್ ಮಾತ್ರ ಹಾಕೋ ಹಂಗೆ ಮಾಡಿ ವಾಯ್ಸ್ ಮೆಸೇಜ್ ಬಿಡ್ತೀವಿ, ಓದೋಕೆ ಬರ್ದಿದ್ದೋರೂ ಕೇಳ್ತಾರೆ.

ರಿಜಿಸ್ಟ್ರೇಷನ್ ಕೊನೆಗೆ ಮಾಡ್ಸಿದ್ವಿ, ಬ್ಯಾಂಕ್ ಖಾತೆಗೋಸ್ಕರ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ರೆ ಸಾಕು, ಆದ್ರೆ ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ, ಆಡಿಟ್ ಕೊಡಲೇಬೇಕು, ಅದಕ್ಕೆ ಮನುಷ್ಯ ಸಿಗೋವರೆಗೂ ಕೈ ಹಾಕ್ಬೇಡಿ.

ಕೆರೆಗೆ ನೀರು ಬರೋ ರಾಜಕಾಲುವೆ ಒತ್ತುವರಿ ಮಾಡಿದ್ದೋರಲ್ಲಿ ಮೂರು ಜನ ತಾವೇ ಕಲ್ಲು ಕಿತ್ತು ಹಿಂದೆ ಸರಿದ್ರು, ಒಂದು ಕೇಸೂ ಹಾಕ್ದೆ. ಹೆಂಗೆ ಅಂತ ಈಗ್ಲೇ ಹೇಳಲ್ಲ, ಇನ್ನಿಬ್ರು ಬಾಕಿ ಇದಾರೆ, ಸರ್ವೆಗೆ ಅರ್ಜಿ ಕೊಟ್ಟಿದೀವಿ.