ಗೆಳತಿಯ ಮದುವೆಯಲ್ಲಿ ಜೊತೆಗಾತಿಯೂ ನೀವೇ, ಕೇಕ್ ಮಾಡುವವರೂ ನೀವೇ ಆದಾಗ

ದಾವಣಗೆರೆಯ ಮದುವೆಗಳಲ್ಲಿ ಆರತಕ್ಷತೆಯ ಸಂಜೆ ವೇದಿಕೆಯ ಮೇಲೆ ಕೇಕ್ ಕತ್ತರಿಸುವುದು ಈಗ ಹೊಸತೇನಲ್ಲ. ಮನೆಯಲ್ಲಿ ಓವನ್ ಇಟ್ಟುಕೊಂಡು ನೆರೆಹೊರೆಯ ಹುಟ್ಟುಹಬ್ಬಗಳಿಗೆ ಕೇಕ್ ಮಾಡಿ ಹೆಸರು ಪಡೆದವರಿದ್ದರೆ, ಆಪ್ತ ಗೆಳತಿಯ ನಿಶ್ಚಿತಾರ್ಥ ಮುಗಿದ ವಾರದಲ್ಲೇ ಅವರಿಗೆ ಆ ಮಾತು ಬರುತ್ತದೆ: “ಕೇಕ್ ನೀನೇ ಮಾಡ್ಬೇಕು ಕಣೇ, ಮತ್ತೆ ಮದುವೆ ಮುಗಿಯೋ ತನಕ ನನ್ನ ಬಿಟ್ಟು ಎಲ್ಲೂ ಹೋಗಬಾರ್ದು.” ಒಂದೇ ಉಸಿರಿನಲ್ಲಿ ಬರುವ ಈ ಎರಡು ಬೇಡಿಕೆಗಳು ಒಂದಕ್ಕೊಂದು ಅಡ್ಡ ಬರುತ್ತವೆ ಎಂಬುದು ಕೇಳುವವರಿಗೂ ಹೊಳೆದಿರುವುದಿಲ್ಲ, ಸಂತೋಷದಲ್ಲಿ ಒಪ್ಪಿಕೊಳ್ಳುವವರಿಗೂ ಹೊಳೆದಿರುವುದಿಲ್ಲ. ನನಗೂ ಮೊದಲ ಸಲ ಹೊಳೆದಿರಲಿಲ್ಲ. ಎರಡನ್ನೂ ನಿಭಾಯಿಸಬಹುದು, ಆದರೆ ಆರತಕ್ಷತೆಯ ದಿನ ನೀವು ಸೀರೆ ಉಟ್ಟು ನಿಂತ ಮೇಲೆ ಕೇಕಿನ ಯಾವ ಕೆಲಸವೂ ನಿಮ್ಮ ಕೈಯಲ್ಲಿ ಉಳಿದಿರಬಾರದು. ಕೇಕಿನ ಆಕಾರ, ಲೇಪನ, ದಿನಗಳ ಲೆಕ್ಕ ಎಲ್ಲವನ್ನೂ ಈ ಒಂದು ನಿಯಮಕ್ಕೆ ಹೊಂದಿಸಿಯೇ ನಿರ್ಧರಿಸಬೇಕು.

ಒಪ್ಪಿಕೊಂಡ ಕೂಡಲೇ ಗೆಳತಿಯೊಡನೆ ಮಾತ್ರವಲ್ಲ, ಅವಳ ತಾಯಿಯೊಡನೆಯೂ ಕುಳಿತು ಮಾತನಾಡಿ. ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ರುಚಿಯದಲ್ಲ. “ತತ್ತಿ ಹಾಕಲ್ಲ ಹೌದಲ್ಲವ್ವ?” ಎಂದು ನನ್ನ ಗೆಳತಿಯ ತಾಯಿ ಮೂರು ಸಲ ಕೇಳಿದ್ದರು. ತತ್ತಿ ಇಲ್ಲ ಎಂದಷ್ಟೇ ಹೇಳಿದರೆ ಕೆಲಸ ಮುಗಿಯುವುದಿಲ್ಲ. ಅಲಂಕಾರಕ್ಕೆ ಬಳಸುವ ಮಾರ್ಷ್‌ಮ್ಯಾಲೋ, ಕೆಲವು ಬಗೆಯ ಜೆಲ್ಲಿ ಮತ್ತು ಸಕ್ಕರೆ ಹಾಳೆಗಳಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಜನ್ಯ ವಸ್ತು. ಪೊಟ್ಟಣದ ಮೇಲೆ ಹಸಿರು ಗುರುತಿದೆಯೇ ಎಂದು ಪ್ರತಿಯೊಂದನ್ನೂ ನೋಡಿಯೇ ಕೊಳ್ಳಬೇಕು. ಇದೇ ಮಾತುಕತೆಯಲ್ಲಿ ಮೇಣದಬತ್ತಿಯ ವಿಷಯವನ್ನೂ ಇತ್ಯರ್ಥ ಮಾಡಿಕೊಳ್ಳಿ. ಶುಭಕಾರ್ಯದಲ್ಲಿ ದೀಪ ಆರಿಸುವುದನ್ನು ಹಿರಿಯರು ಒಪ್ಪುವುದಿಲ್ಲವಾದ್ದರಿಂದ ಬತ್ತಿಯಿಲ್ಲದೆ ಕೇಕ್ ಕತ್ತರಿಸುವುದೇ ಒಳ್ಳೆಯದು.

ಎರಡನೆಯದು ಅಳತೆ. ಸಾವಿರ ಜನ ಊಟಕ್ಕೆ ಬರುವ ಮದುವೆಯಲ್ಲಿ ಸಾವಿರ ಜನರಿಗೂ ಕೇಕ್ ಕೊಡುತ್ತೇನೆ ಎಂದು ಹೊರಡುವುದು ಅವಿವೇಕ. ಊಟದ ಎಲೆಯ ಮೇಲೆ ಅಡುಗೆಯವರು ಬಡಿಸುವ ಸಿಹಿ ಇದ್ದೇ ಇರುತ್ತದೆ. ವೇದಿಕೆಯ ಮೇಲಿನ ಕೇಕ್ ಎರಡೂ ಕಡೆಯ ಹತ್ತಿರದ ಬಂಧುಗಳಿಗೆ ಮತ್ತು ಗೆಳೆಯರ ಗುಂಪಿಗೆ ಸಾಕಾದರೆ ಸಾಕು. ಒಂದು ಅಂಗುಲ ಅಗಲ, ಎರಡು ಅಂಗುಲ ಉದ್ದದ ತುಂಡುಗಳಾಗಿ ಕತ್ತರಿಸಿದರೆ 10 ಅಂಗುಲದ ದುಂಡು ಕೇಕಿನಿಂದ ಸುಮಾರು 38, 6 ಅಂಗುಲದ ಕೇಕಿನಿಂದ ಸುಮಾರು 12 ತುಂಡುಗಳು ಬರುತ್ತವೆ. ಒಂದರ ಮೇಲೊಂದಿಟ್ಟ ಈ ಎರಡು ಅಂತಸ್ತು ಮನೆಯ ಓವನಿಗೂ ಹಿಡಿಸುತ್ತದೆ, ಛಾಯಾಚಿತ್ರದಲ್ಲಿಯೂ ಗೌರವವಾಗಿ ಕಾಣುತ್ತದೆ. ಇನ್ನೂ ಐವತ್ತು ಜನರಿಗೆ ಬೇಕೆಂದಾದರೆ ಮೂರನೆಯ ಅಂತಸ್ತು ಏರಿಸುವ ಬದಲು 9 ಅಂಗುಲದ ಚೌಕ ತಟ್ಟೆಯಲ್ಲಿ ಎರಡು ಸಾದಾ ಕೇಕ್ ಮಾಡಿ ಒಳಗಿನ ಕೋಣೆಯಲ್ಲಿಡಿ, ಅಲ್ಲಿಯೇ ಕತ್ತರಿಸಿ ಹಂಚಲಿ. ಅಂತಸ್ತು ಹೆಚ್ಚಿದಷ್ಟೂ ಅದು ವಾಲುವ ಭಯದಲ್ಲಿ ನಿಮ್ಮ ಕಣ್ಣು ಗೆಳತಿಯನ್ನು ಬಿಟ್ಟು ಕೇಕಿನ ಮೇಲೆಯೇ ಇರುತ್ತದೆ.

ಹಿಟ್ಟಿನ ಲೆಕ್ಕವನ್ನು 8 ಅಂಗುಲದ ಒಂದು ಪಾತ್ರೆಯಿಂದ ಆರಂಭಿಸುವುದು ಸುಲಭ. ಅದಕ್ಕೆ 250 ಗ್ರಾಂ ಮೈದಾ, 400 ಗ್ರಾಮಿನ ಒಂದು ಡಬ್ಬ ಕಂಡೆನ್ಸ್ಡ್ ಮಿಲ್ಕ್, 125 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿದ 200 ಮಿಲಿಲೀಟರ್ ಹಾಲು ಮತ್ತು ಒಂದು ಟೀ ಚಮಚ ವೆನಿಲಾ ಬೇಕು. ಪಾತ್ರೆ ಬದಲಾದಾಗ ವ್ಯಾಸವನ್ನಲ್ಲ, ವ್ಯಾಸದ ವರ್ಗವನ್ನು ಹೋಲಿಸಬೇಕು: ಎಂಟರ ವರ್ಗ 64, ಹತ್ತರ ವರ್ಗ 100, ಆರರ ವರ್ಗ 36. ಆದ್ದರಿಂದ 10 ಅಂಗುಲದ ಪಾತ್ರೆಗೆ ಈ ಅಳತೆಯ ಸುಮಾರು ಒಂದೂವರೆ ಪಟ್ಟು, 6 ಅಂಗುಲದ್ದಕ್ಕೆ ಅರ್ಧಕ್ಕಿಂತ ತುಸು ಹೆಚ್ಚು ಹಿಟ್ಟು ಹಿಡಿಯುತ್ತದೆ. ಒಂದೊಂದು ಅಂತಸ್ತಿಗೂ ಎರಡೆರಡು ಪದರದಂತೆ ಕೂಡಿದರೆ ಒಟ್ಟು ನಾಲ್ಕೂಕಾಲು ಪಟ್ಟು, ಅಂದರೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಮೈದಾ ಮತ್ತು 530 ಗ್ರಾಂನಷ್ಟು ಬೆಣ್ಣೆಯಾಗುತ್ತದೆ. ಕಂಡೆನ್ಸ್ಡ್ ಮಿಲ್ಕ್ ಐದು ಡಬ್ಬ ತಂದಿಟ್ಟುಕೊಂಡರೆ ನಡುವೆ ಅಂಗಡಿಗೆ ಓಡುವುದು ತಪ್ಪುತ್ತದೆ.

ಬೆಣ್ಣೆಯ ಬಗ್ಗೆ ಈ ಊರಿನವರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕು. ದೋಸೆಯ ಮೇಲೆ ಮುದ್ದೆಯಾಗಿ ಬೀಳುವ ನಮ್ಮ ಬಿಳಿ ಬೆಣ್ಣೆಯ ಮೇಲಿನ ಅಭಿಮಾನದಿಂದ, ದಾವಣಗೆರೆಯ ಕೇಕಿಗೆ ದಾವಣಗೆರೆಯ ಬೆಣ್ಣೆಯೇ ಇರಲಿ ಎಂದು ನಾನು ಮೊದಲ ಪ್ರಯತ್ನದಲ್ಲಿ ಅದರಲ್ಲೇ ಹೊರಲೇಪನದ ಬೆಣ್ಣೆ ಕ್ರೀಮ್ ಕಡೆದೆ. ಹತ್ತು ನಿಮಿಷದಲ್ಲಿ ಅದು ಒಡೆದ ಹಾಲಿನಂತೆ ನೀರು ಬೇರೆ, ಕಾಳು ಬೇರೆ ಆಯಿತು. ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ. ಟೇಬಲ್ ಬಟರ್ ಎಂದು ಮಾರುವ ಕಾರ್ಖಾನೆಯ ಬೆಣ್ಣೆಯಲ್ಲಿ ಕೊಬ್ಬು ಶೇಕಡ 80ಕ್ಕೆ ಕಡಿಮೆಯಿಲ್ಲದಂತೆ ಇರಬೇಕೆಂಬ ನಿಯಮವಿದೆ, ಮನೆಯ ಬೆಣ್ಣೆಗೆ ಅಂತಹ ಖಾತರಿಯಿಲ್ಲ. ಆದರೆ ಸ್ಪಂಜಿನ, ಅಂದರೆ ಒಳಗಿನ ಕೇಕಿನ, ಹಿಟ್ಟಿನಲ್ಲಿ ಅದೇ ಬೆಣ್ಣೆ ಚೆನ್ನಾಗಿಯೇ ಒದಗುತ್ತದೆ: ತಣ್ಣೀರಿನಲ್ಲಿ ಎರಡು ಮೂರು ಸಲ, ನೀರು ತಿಳಿಯಾಗುವವರೆಗೆ ತೊಳೆದು, ಅಂಗೈಯಲ್ಲಿ ಒತ್ತಿ ನೀರು ಹಿಂಡಿ ತೂಕ ಮಾಡಿ, ಹಾಲನ್ನು ಎರಡು ಚಮಚ ಕಡಿಮೆ ಮಾಡಿದರಾಯಿತು. ರುಚಿಯಲ್ಲಿ ತುಸು ಹುಳಿ ಬೆರೆತ ಒಂದು ತುಂಬುತನ ಬರುತ್ತದೆ, ಅದನ್ನು ಗೆಳತಿಯ ಅಜ್ಜಿ ಗುರುತಿಸಿದರು. ಹೀಗಾಗಿ ಬಿಳಿ ಬೆಣ್ಣೆ ಸ್ಪಂಜಿನ ಒಳಗಿರಲಿ, ಹೊರಗಿನ ಲೇಪನಕ್ಕೆ ಬೇಡ.

ಹೊರಗಿನ ಲೇಪನವನ್ನು ನಿರ್ಧರಿಸುವುದು ಬಿಸಿಲು. ನಮ್ಮಲ್ಲಿ ಹೆಚ್ಚಿನ ಮುಹೂರ್ತಗಳು ಬೀಳುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನ 38 ಡಿಗ್ರಿ ದಾಟುವುದು ಅಪರೂಪವಲ್ಲ; ಬೆಣ್ಣೆ 32ರಿಂದ 35 ಡಿಗ್ರಿಯ ನಡುವೆ ಕರಗಿಯೇ ಬಿಡುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ ಜಾರುತ್ತದೆ. ಕಡೆದ ಕ್ರೀಮ್ ಇನ್ನೂ ನಾಜೂಕು, ಅದು ವೇದಿಕೆಯ ದೀಪಗಳ ಕೆಳಗೆ ಅರ್ಧ ಗಂಟೆಯನ್ನೂ ನೆಮ್ಮದಿಯಾಗಿ ಕಳೆಯುವುದಿಲ್ಲ. ಜೊತೆಗಾತಿಯಾಗಿ ನಿಲ್ಲುವವರಿಗೆ ಹೊಂದುವುದು ಚಾಕೊಲೇಟ್ ಗನಾಶ್ (ಬಿಸಿ ಕೆನೆಯಲ್ಲಿ ಚಾಕೊಲೇಟ್ ಕರಗಿಸಿ ಮಾಡುವ ಲೇಪನ) ಒಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಮಾನ್ಯ ದಿನಗಳಲ್ಲಿ ಎರಡು ಪಾಲು ಕಪ್ಪು ಚಾಕೊಲೇಟಿಗೆ ಒಂದು ಪಾಲು ಕೆನೆ ಸಾಕು; ಬೇಸಿಗೆಯಲ್ಲಿ ಚಾಕೊಲೇಟನ್ನು ಎರಡೂವರೆ ಪಾಲಿಗೆ ಏರಿಸಿ. ಬಿಳಿ ಚಾಕೊಲೇಟ್ ಮೆತ್ತಗಿನದಾದ್ದರಿಂದ ಮೂರು ಪಾಲಿನಿಂದಲೇ ಆರಂಭಿಸಿ, ಬೇಸಿಗೆಗೆ ಮೂರೂವರೆ ಮಾಡಬೇಕಾಗುತ್ತದೆ. ಮೇಲೆ ಹೇಳಿದ ಎರಡು ಅಂತಸ್ತಿಗೆ ಒಳಗೂ ಹೊರಗೂ ಸೇರಿ 1,100 ಗ್ರಾಂ ಕಪ್ಪು ಚಾಕೊಲೇಟು, 440 ಗ್ರಾಂ ಕೆನೆ ಹಿಡಿಯುತ್ತದೆ. ಕೆನೆಯನ್ನು ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ನಿಧಾನವಾಗಿ ಕಲಕಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಅದು ಸವರಲು ಬರುವಷ್ಟು ಗಟ್ಟಿಯಾಗಿರುತ್ತದೆ.

ಮದುವೆಗೆ ಎರಡು ವಾರ ಮೊದಲು 8 ಅಂಗುಲದ ಒಂದು ಕೇಕನ್ನು ಇದೇ ರೀತಿ ಪೂರ್ತಿಯಾಗಿ ಮಾಡಿ, ಆರತಕ್ಷತೆ ನಡೆಯುವ ಹೊತ್ತಿಗೆ ಸರಿಯಾಗಿ ನಿಮ್ಮ ಮನೆಯ ಹಜಾರದಲ್ಲಿ ಇಟ್ಟು ನೋಡಿ. ಅಂಚು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡರೆ, ಕೇಕನ್ನು ವೇದಿಕೆಗೆ ಎಷ್ಟು ಗಂಟೆಗೆ ತರಬೇಕೆಂದು ಫೋಟೋದವರಿಗೆ ಖಚಿತವಾಗಿ ಹೇಳಬಹುದು.

ಇನ್ನು ದಿನಗಳ ಲೆಕ್ಕ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಮುಹೂರ್ತ ಎಂದಿಟ್ಟುಕೊಳ್ಳೋಣ. ಸ್ಪಂಜುಗಳನ್ನು ಬುಧವಾರವೇ ಬೇಯಿಸಿ ಮುಗಿಸಬೇಕು. ಅಂದಿನ ಪತ್ರಿಕೆಯಲ್ಲಿ ಬೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಇದೆಯೇ ಎಂದು ನೋಡಿಯೇ ಕೈ ಹಾಕಿ. ಓವನ್ ಎಳೆಯುವ ಒಂದೂವರೆ ಎರಡು ಸಾವಿರ ವ್ಯಾಟನ್ನು ಮನೆಯ ಸಾಮಾನ್ಯ ಇನ್‌ವರ್ಟರ್ ತಾಳುವುದಿಲ್ಲ. ತತ್ತಿಯಿಲ್ಲದ ಹಿಟ್ಟಿನಲ್ಲಿ ಸೋಡಾ ಮತ್ತು ಹುಳಿ ಕೂಡಿದ ಕ್ಷಣದಿಂದಲೇ ಗುಳ್ಳೆಗಳು ಹುಟ್ಟಿ ಹೊರಟುಹೋಗತೊಡಗುವುದರಿಂದ, ನಾಲ್ಕು ಪಾತ್ರೆಯ ಹಿಟ್ಟನ್ನೂ ಒಟ್ಟಿಗೆ ಕಲಸಿ ಸಾಲಿನಲ್ಲಿ ಕಾಯಿಸಬಾರದು. ಒಂದೊಂದು ಸರದಿಗೂ ಬೇರೆ ಬೇರೆ ಕಲಸಿ, ಕಾದ ಓವನಿಗೆ ತಕ್ಷಣ ಸೇರಿಸಬೇಕು. 10 ಅಂಗುಲದ್ದನ್ನು 160 ಡಿಗ್ರಿಯಲ್ಲಿ 50ರಿಂದ 60 ನಿಮಿಷ, 6 ಅಂಗುಲದ್ದನ್ನು 170 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಬೇಯಿಸಿ. ದೊಡ್ಡ ಪಾತ್ರೆಗೆ ಶಾಖ ಕಡಿಮೆ ಇಡುವುದೇಕೆಂದರೆ, ಇಲ್ಲದಿದ್ದರೆ ನಡು ಬೇಯುವಷ್ಟರಲ್ಲಿ ಅಂಚು ರೊಟ್ಟಿಯಾಗಿರುತ್ತದೆ. ನಡುವೆ ಕರೆಂಟು ಹೋದರೆ ಬಾಗಿಲು ತೆರೆದು ಇಣುಕಬೇಡಿ, ಒಳಗಿನ ಶಾಖ ಸ್ವಲ್ಪ ಹೊತ್ತು ಕಾಪಾಡುತ್ತದೆ. ಪೂರ್ತಿ ತಣಿದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಒಂದು ರಾತ್ರಿ ತಣಿದ ಸ್ಪಂಜು ಕತ್ತಿಗೆ ಪುಡಿಯಾಗುವುದಿಲ್ಲ.

ಗುರುವಾರ ಜೋಡಣೆ. ಸಮತೂಕದ ಸಕ್ಕರೆ ಮತ್ತು ನೀರಿನ ಪಾಕವನ್ನು ಪದರಗಳಿಗೆ ಹದವಾಗಿ ಸವರಿ, ನಡುವೆ ಗನಾಶ್ ಹಚ್ಚಿ, ಹೊರಗೆ ಮೊದಲು ತೆಳುವಾದ ಒಂದು ಲೇಪ ಕೊಟ್ಟು ಅರ್ಧ ಗಂಟೆ ತಣಿಸಿ, ಅನಂತರ ಕೊನೆಯ ಲೇಪ ಕೊಡಬೇಕು. ಎರಡು ಅಂತಸ್ತುಗಳನ್ನೂ ತಮ್ಮ ತಮ್ಮ ಹಲಗೆಯ ಮೇಲೆ ಬೇರೆಯಾಗಿಯೇ ಇಡಿ. ಕೆಳಗಿನ ಅಂತಸ್ತಿನೊಳಗೆ, ಮೇಲಿನ ಹಲಗೆ ಕುಳಿತುಕೊಳ್ಳುವ ವೃತ್ತದ ಒಳಗಡೆ, ಕೇಕಿನ ಎತ್ತರಕ್ಕೆ ಸಮನಾಗಿ ಕತ್ತರಿಸಿದ ಐದು ದಪ್ಪ ಸ್ಟ್ರಾಗಳನ್ನು ನೆಟ್ಟರೆ ಮೇಲಿನ ಭಾರ ಸ್ಪಂಜಿನ ಮೇಲೆ ಬೀಳದೆ ಆ ಕಂಬಗಳ ಮೇಲೆ ನಿಲ್ಲುತ್ತದೆ.

ಗುರುವಾರವೇ ಏಕೆ ಎಂದರೆ ಶುಕ್ರವಾರ ಅರಿಶಿನ, ಬಳೆ ಶಾಸ್ತ್ರ, ಮೆಹಂದಿ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಮೆಹಂದಿಯ ಮುದ್ದೆ ಒಣಗಿ ಬಣ್ಣ ಏರಲು ಗಂಟೆಗಟ್ಟಲೆ ಕೈ ಆಡಿಸದೆ ಕೂರಬೇಕು. ಮರುದಿನವೂ ನೀಲಗಿರಿ ಎಣ್ಣೆಯ ವಾಸನೆ ಅಂಗೈ ಬಿಡುವುದಿಲ್ಲ, ಅದು ಚಾಕೊಲೇಟಿಗೆ ಹತ್ತಿತೆಂದರೆ ಹೋಗುವುದೂ ಇಲ್ಲ. ಮೆಹಂದಿಗೆ ಮೊದಲೇ ಕೇಕ್ ಪೆಟ್ಟಿಗೆ ಸೇರಿರಬೇಕು. ಆ ದಿನ ನೀವು ಕೇವಲ ಗೆಳತಿಯಾಗಿರಿ: ಅವಳ ಫೋನಿಗೆ ಉತ್ತರ ಕೊಡಿ, ಪಿನ್ನು, ಕುಂಕುಮ, ತಲೆನೋವಿನ ಮಾತ್ರೆ, ಸೂಜಿದಾರದ ಚೀಲವನ್ನು ನಿಮ್ಮ ಹೆಗಲಲ್ಲೇ ಇಟ್ಟುಕೊಳ್ಳಿ, ಅವಳು ಊಟ ಮಾಡಿದಳೇ ಎಂದು ನೋಡಿ. ಮದುಮಗಳ ಊಟವನ್ನು ವಿಚಾರಿಸಲು ಮನೆ ತುಂಬಿದ ನೆಂಟರಲ್ಲಿ ಒಬ್ಬರಿಗೂ ನೆನಪಾಗದಿರುವುದನ್ನು ನಾನು ಕಂಡಿದ್ದೇನೆ.

ಶನಿವಾರದ ಸಾಗಾಟಕ್ಕೆ ಬಾಡಿಗೆ ಆಟೋ ಬೇಡ. ಏಸಿ ಇರುವ ಕಾರನ್ನು ಹದಿನೈದು ನಿಮಿಷ ಮೊದಲೇ ತಣ್ಣಗೆ ಮಾಡಿ, ಸೀಟಿನ ಮೇಲಾಗಲಿ ತೊಡೆಯ ಮೇಲಾಗಲಿ ಇಡದೆ, ಸಮತಟ್ಟಾದ ನೆಲದ ಮೇಲೆ ಜಾರದ ರಬ್ಬರ್ ಹಾಸು ಹಾಸಿ ಪೆಟ್ಟಿಗೆಗಳನ್ನಿಡಬೇಕು. ದಾವಣಗೆರೆಯ ನಡುವೆಯೇ ರೈಲು ಹಳಿ ಹಾದುಹೋಗಿರುವುದರಿಂದ, ಹಳಿಯಾಚೆಯ ಮಂಟಪಕ್ಕೆ ಹೋಗಬೇಕಿದ್ದರೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ. ಮಂಟಪ ಚಿತ್ರದುರ್ಗದಲ್ಲಿದ್ದರೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು. ದೂರಕ್ಕಿಂತ ಊರೊಳಗಿನ ರಸ್ತೆ ಉಬ್ಬುಗಳೇ ಹೆಚ್ಚು ಅಪಾಯ. ಅಂತಸ್ತುಗಳನ್ನು ಒಂದರ ಮೇಲೊಂದು ಕೂರಿಸುವುದು ಮಂಟಪ ತಲುಪಿದ ಮೇಲೆಯೇ.

ಕೊನೆಯ ಅಲಂಕಾರಕ್ಕೆ ಹೂವು ಬೇಕೆನ್ನುವವರು ಬಹಳ. ಹಾರಗಳಲ್ಲಿ ಧಾರಾಳವಾಗಿ ಬಳಸುವ ಕಣಗಿಲೆ ವಿಷದ ಗಿಡ. ಅದರ ಒಂದು ಎಸಳೂ ಕೇಕಿನ ಹತ್ತಿರ ಬರಬಾರದು. ಸೇವಂತಿಗೆ, ಗುಲಾಬಿಗಳಿಗೆ ತೋಟದಲ್ಲಿ ಔಷಧ ಹೊಡೆದಿರುತ್ತಾರೆ. ಹೂವನ್ನು ಮೇಜಿನ ಸುತ್ತ ಕಟ್ಟಿಸಿ, ಕೇಕಿನ ಮೇಲೆ ಚಾಕೊಲೇಟಿನದೇ ಎಲೆಗಳನ್ನಿಡಿ. ಹೂವಿನ ಅಲಂಕಾರದವರಿಗೆ ಇದನ್ನು ಮುಂಚೆಯೇ ಹೇಳದಿದ್ದರೆ, ನೀವು ಸೀರೆ ಉಟ್ಟು ಬರುವಷ್ಟರಲ್ಲಿ ಅವರು ಪ್ರೀತಿಯಿಂದ ನಾಲ್ಕು ಹೂ ಚುಚ್ಚಿರುತ್ತಾರೆ.

ಇಲ್ಲಿಂದ ಮುಂದೆ ಕೇಕ್ ಬೇರೊಬ್ಬರದು. ಗೆಳತಿಯ ತಮ್ಮನೋ ನಿಮ್ಮ ಅಕ್ಕನೋ, ನಂಬಿಕೆಯ ಒಬ್ಬರಿಗೆ ಮಾತ್ರ ಅದನ್ನು ಒಪ್ಪಿಸಿ. ಇಬ್ಬರಿಗೆ ಒಪ್ಪಿಸಿದರೆ ಒಬ್ಬರೂ ನೋಡುವುದಿಲ್ಲ. ಯಾವ ಗಂಟೆಗೆ ಏಸಿ ಕೋಣೆಯಿಂದ ಹೊರತರಬೇಕು, ಚಾಕು ಎಲ್ಲಿದೆ, ಬಿಸಿನೀರಿನಲ್ಲಿ ಅದ್ದಿ ಒರೆಸಿ ಕತ್ತರಿಸಬೇಕು, ಕೆಳಗಿನ ಅಂತಸ್ತಿನಲ್ಲಿರುವ ಐದು ಸ್ಟ್ರಾಗಳನ್ನು ಕಿತ್ತ ಮೇಲೆಯೇ ತುಂಡು ಮಾಡಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ಸೆಕೆಯ ದಿನಗಳಲ್ಲಿ ಕೆನೆಯಿರುವ ತಿಂಡಿ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದಾದ್ದರಿಂದ, ಕತ್ತರಿಸಿದ ಕೂಡಲೇ ಹಂಚಿ ಮುಗಿಸಿ ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸುವ ಹೊಣೆಯೂ ಅವರದೇ. ಮೇಲಿನ ಅಂತಸ್ತಿನಿಂದ ಎರಡು ತುಂಡನ್ನು ಮೊದಲೇ ಡಬ್ಬಿಯಲ್ಲಿ ತೆಗೆದಿಡಲು ಹೇಳಿ, ಡಬ್ಬಿಯ ಮೇಲೆ ಗೆಳತಿಯ ಹೆಸರು ಬರೆಸಿ. ವೇದಿಕೆಯ ಮೇಲೆ ಅವಳ ಬಾಯಿಗೆ ಬಿದ್ದದ್ದು ಛಾಯಾಚಿತ್ರಕ್ಕಾಗಿ ಕೊಟ್ಟ ಒಂದು ಚೂರು ಮಾತ್ರ. ರಾತ್ರಿ ಹನ್ನೊಂದರ ಮೇಲೆ ಒಡವೆಗಳನ್ನು ಬಿಚ್ಚಿಡುತ್ತಾ ಅವಳು ಹಸಿವಾಗುತ್ತಿದೆ ಎನ್ನುವಾಗ ಆ ಡಬ್ಬಿ ಕೋಣೆಯಲ್ಲೇ ಸಿಗುವಂತಿರಬೇಕು.