ರಾತ್ರಿ ಕಥೆಯಲ್ಲಿ ಊರಿನ ನೀತಿ: ನೀಲಗಾರರ, ಕಂಸಾಳೆಯವರ ಹಾಡನ್ನು ಕೇಳುವ ಕ್ರಮ

ಮಂಡ್ಯ, ಮೈಸೂರು ಸೀಮೆಯ ಜನ ಯಾವುದನ್ನು ಧರ್ಮ ಎನ್ನುತ್ತಾರೆ, ಯಾವುದನ್ನು ಅನ್ಯಾಯ ಎನ್ನುತ್ತಾರೆ ಎಂದು ತಿಳಿಯಬೇಕಾದರೆ ಮಂಟೇಸ್ವಾಮಿ ಒಕ್ಕಲಿನ ಹಾಡುಗಾರರಾದ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯನ್ನೋ, ಕಂಸಾಳೆ ಎಂಬ ಕಂಚಿನ ತಾಳ ಹಿಡಿದವರು ಹಾಡುವ ಮಾದಪ್ಪನ (ಮಲೆ ಮಹದೇಶ್ವರನ) ಕಥೆಯನ್ನೋ ಕೂತು ಕೇಳಬೇಕು. ಇಡೀ ಕಾವ್ಯ ಒಂದು ರಾತ್ರಿಗೆ ಮುಗಿಯುವುದಲ್ಲ. ಕಥೆಯ ಒಂದೊಂದು ಭಾಗಕ್ಕೆ ಸಾಲು ಎನ್ನುತ್ತಾರೆ. ಮಂಟೇಸ್ವಾಮಿ ಕಥೆಯ ಕಲ್ಯಾಣದ ಸಾಲು, ಹಲಗೂರಿನ ಸಾಲು, ಮಾದಪ್ಪನ ಕಥೆಯ ಸಂಕಮ್ಮನ ಸಾಲು, ಹೀಗೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಮೊದಲ ಸಲ ಕೇಳುವವರಿಗೆ ಸಂಕಮ್ಮನ ಸಾಲೇ ಸರಿ.

ರೆಕಾರ್ಡ್ ಮಾಡುವುದಿದ್ದರೆ ಮುಖ್ಯ ಹಾಡುಗಾರರ ಒಪ್ಪಿಗೆ ಮೊದಲೇ ಪಡೆಯಿರಿ, ಸಂಭಾವನೆಯನ್ನೂ ಮಾತಾಡಿಕೊಳ್ಳಿ. ಫೋನನ್ನು ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ), ತಾಳಗಳ ಪಕ್ಕ ಇಟ್ಟರೆ ಮಾತೆಲ್ಲ ಮುಳುಗಿಹೋಗುತ್ತದೆ. ತಂಬೂರಿ ಹಿಡಿದವರ ಮುಂದೆ, ಎರಡು ಮೊಳ ದೂರದಲ್ಲಿಡಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಪಟ್ಟಿ ಎಳೆದು ಕಥೆ, ಹಾಡು, ಕೇಳುಗರು ಎಂದು ಬರೆಯಿರಿ. ಅಂಚಿನಲ್ಲಿ ಗಡಿಯಾರದ ಹೊತ್ತು ಹಾಕುತ್ತಾ ಹೋಗಿ.

ಹೊತ್ತು ಹಾಕುವುದು ಯಾಕೆಂದರೆ ಈ ಕಥೆಗಳಲ್ಲಿ ಪ್ರಯಾಣ, ಪರಿಚಯ ಎಲ್ಲ ಮಾತಿನಲ್ಲೇ ಬೇಗ ಸಾಗುತ್ತವೆ. ದುಃಖ, ಮೊರೆ, ವರ ಬಂದಾಗ ಮಾತು ಹಾಡಾಗುತ್ತದೆ, ಹಿಮ್ಮೇಳದವರು ಅದೇ ಸೊಲ್ಲನ್ನು ಎತ್ತಿ ಎತ್ತಿ ಹೇಳುತ್ತಾರೆ. ಎಲ್ಲಿ ಹಾಡು ಮುಂದಕ್ಕೆ ಸಾಗಲು ಒಪ್ಪದೆ ಬಹಳ ಹೊತ್ತು ನಿಲ್ಲುತ್ತದೋ ಊರಿನ ಮನಸ್ಸು ಅಲ್ಲಿದೆ. ಬುದ್ಧಿಮಾತಿನ ಸಾಲುಗಳನ್ನಷ್ಟೇ ಗೀಟು ಹಾಕಿಕೊಂಡವರಿಗೆ ಇದು ಕೈತಪ್ಪುತ್ತದೆ.

ಸಂಕಮ್ಮನನ್ನೇ ನೋಡಿ. ಜೇನಿಗೆಂದು ಕಾಡಿಗೆ ಹೊರಟ ಗಂಡ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಆಕೆ ಕೊಡುವುದಿಲ್ಲ. ಹಿಂಸೆ ಪಡುತ್ತಾಳೆ, ಆದರೂ ಕೊಡುವುದಿಲ್ಲ. ಮಾದಪ್ಪ ಬರುವುದು ಆ ಹೆಣ್ಣಿನ ಬಳಿಗೆ, ಮಕ್ಕಳ ವರ ಕೊಡುವುದೂ ಆಕೆಗೆ. ಭಾಷೆ ಕೊಡದ ಹೆಂಡತಿಯನ್ನು ದೇವರೇ ಎತ್ತಿಹಿಡಿಯುತ್ತಾನೆ. ಆದರೆ ಗಂಡ ಮರಳಿದ ಮೇಲೆ ಆಕೆ ಸತ್ಯಪರೀಕ್ಷೆಗೂ ನಿಲ್ಲಬೇಕಾಗುತ್ತದೆ. ಈ ಎರಡನ್ನೂ ಬರೆದುಕೊಳ್ಳಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅದು ನಿಮ್ಮ ಆಸೆಯಾಗುತ್ತದೆ, ಜನರ ನಂಬಿಕೆ ಆಗುವುದಿಲ್ಲ.

ಉಳಿದ ಸಾಲುಗಳಿಗೆ ಮೂರು ಪ್ರಶ್ನೆ ಸಾಕು: ದೇವರು ಯಾರ ಬಾಗಿಲಿಗೆ ಬರುತ್ತಾನೆ, ಯಾವ ವೇಷದಲ್ಲಿ, ಏನು ಬೇಡುತ್ತಾನೆ? ಬಸವಣ್ಣನವರ ಕಲ್ಯಾಣಕ್ಕೆ ಮಂಟೇಸ್ವಾಮಿ ಬರುವುದು ಜನ ಮೂಗು ಮುಚ್ಚಿಕೊಳ್ಳುವ ವೇಷದಲ್ಲಿ. ಅಲ್ಲಿ ಸೋಲುವುದು ಬರೀ ವೇಷದ ಭಕ್ತಿ. ಹಲಗೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಕೆಲಸದವರ ಬಳಿ ಕಬ್ಬಿಣದ ಭಿಕ್ಷೆ ಬೇಡುತ್ತಾನೆ. ಇಟ್ಟುಕೊಂಡು ಇಲ್ಲ ಎನ್ನುವುದೇ ಅಲ್ಲಿನ ದೊಡ್ಡ ತಪ್ಪು.

ಸಾಮಾನ್ಯವಾಗಿ ಎಡವುವುದು ಎಲ್ಲಿ? ಕತ್ತರಿಸಿದ ಸೀಡಿ, ಯೂಟ್ಯೂಬ್ ತುಣುಕುಗಳಲ್ಲಿ ಪವಾಡ ಉಳಿದಿರುತ್ತದೆ, ಜಗಳ ಹೋಗಿರುತ್ತದೆ. ಕಲ್ಯಾಣದ ಸಾಲನ್ನು 12ನೇ ಶತಮಾನದ ಚರಿತ್ರೆ ಎಂದು ಓದುವುದು ಇನ್ನೊಂದು ತಪ್ಪು. ಒಬ್ಬರ ಪಾಠವನ್ನೇ ಎಲ್ಲರದ್ದು ಎನ್ನಬೇಡಿ. ಅದೇ ಸಾಲನ್ನು ಇನ್ನೊಂದು ಮೇಳದಿಂದಲೂ ಕೇಳಿ, ಯಾವ ಘಟ್ಟ ಹಿಗ್ಗಿತು, ಯಾವುದು ಕುಗ್ಗಿತು ನೋಡಿ.

ಹಾಡನ್ನು ಆಚರಣೆಯ ಪಕ್ಕದಲ್ಲಿಟ್ಟು ನೋಡಿ. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಬೇರೆ ಬೇರೆ ಜಾತಿಯವರು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಇದೇ ಪರಂಪರೆಯ ಕ್ಷೇತ್ರಗಳಾದ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಕೆ.ಆರ್.ನಗರದ ಕಡೆಯ ಕಪ್ಪಡಿಗೂ ಹೋಗಿಬನ್ನಿ. ಮನೆಯವರು ಹರಕೆಗೆಂದು ಮೇಳ ಕರೆಸಿದ್ದರೆ, ಯಾವ ಸಾಲು ಹಾಡಿ ಎಂದು ಕೇಳಿದರು, ಆ ಮನೆಯ ಕಷ್ಟವೇನು ಎಂಬುದನ್ನು ಅವರು ತಾವಾಗಿ ಹೇಳಿದರೆ ಮಾತ್ರ ಬರೆದುಕೊಳ್ಳಿ, ಹೆಸರು ಬಿಟ್ಟು.